ಗೋಡೆಯ ಮೇಲಿನ ಬೆಲೆ, ಬಿಲ್ಲಿನ ಮೇಲಿನ ಬೆಲೆ

2025ರ ಅಕ್ಟೋಬರ್ ತಿಂಗಳ ಒಂದು ಶನಿವಾರ ಬದಿಯಡ್ಕದ ಕಡೆಯ ಒಂದು ಕುಟುಂಬ ಸ್ಕೂಟರ್ ಕೊಳ್ಳಲೆಂದು ಪೇಟೆಯ ಷೋರೂಮಿಗೆ ಹೋಯಿತು. ತಾಯಿ ಆಶಾ ಕಾರ್ಯಕರ್ತೆ. ಗುಡ್ಡದ ಮೇಲೊಂದು, ಕಣಿವೆಯ ಕೆಳಗೊಂದು ಎಂಬಂತೆ ಚದುರಿದ ಮನೆಗಳಿಗೆ ದಿನವೂ ನಡೆದು ಹೋಗುವ ಕೆಲಸ. ತಂದೆ ಅಡಿಕೆ ತೋಟಗಳಲ್ಲಿ ಕೂಲಿ ಮಾಡುವವರು. ಮಗಳು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ. ಅದೇ ಸೆಪ್ಟೆಂಬರ್ 22ರಿಂದ ಸಣ್ಣ ದ್ವಿಚಕ್ರ ವಾಹನಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿತ್ತು. ಎರಡು ವರ್ಷಗಳಿಂದ ಮುಂದೂಡುತ್ತ ಬಂದ ಆಸೆಗೆ ಈಗ ಕಾಲ ಕೂಡಿಬಂತೆಂದು ಮನೆಯವರು ಭಾವಿಸಿದರು. ಸಹಕಾರಿ ಬ್ಯಾಂಕಿನಲ್ಲಿ ಸಾಲವೂ ಮಂಜೂರಾಗಿತ್ತು.

ಷೋರೂಮಿನ ಗೋಡೆಯ ಮೇಲೆ ಮಾದರಿವಾರು ಬೆಲೆಪಟ್ಟಿ ಇತ್ತು. ಅವರು ಆರಿಸಿದ ಸ್ಕೂಟರಿನ ಎಕ್ಸ್-ಷೋರೂಂ ಬೆಲೆ 82,000 ರೂಪಾಯಿ. ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆದರೆ ಮಾರಾಟದ ಹುಡುಗ ಕೈಗಿತ್ತ ಚೀಟಿಯಲ್ಲಿ ತೆರಿಗೆ, ನೋಂದಣಿ, ವಿಮೆಗಳ ಕೆಳಗೆ ಇನ್ನೂ ಕೆಲವು ಸಾಲುಗಳಿದ್ದವು. ಹ್ಯಾಂಡ್ಲಿಂಗ್ ಚಾರ್ಜ್ 2,500. ಆಕ್ಸೆಸರಿ ಕಿಟ್ 4,800. ಹೆಲ್ಮೆಟ್ 1,200. ಚೀಟಿಯಲ್ಲಿಲ್ಲದ ಮತ್ತೊಂದು ಮೊತ್ತವನ್ನು ಬಾಯಿಮಾತಿನಲ್ಲಿ ಹೇಳಲಾಯಿತು: "ಈಗ ಬೇಡಿಕೆ ಜಾಸ್ತಿ ಚೇಚಿ. ಬುಕ್ ಮಾಡಿ ಕಾಯುವುದಾದರೆ ಒಂದೂವರೆ ತಿಂಗಳು. ಈ ವಾರವೇ ಬೇಕಾದರೆ 1,500 ಬೇರೆ ಕೊಡಬೇಕು. ಕಿಟ್ ಬೇಡವೆಂದರೆ ಗಾಡಿ ಸಿಗುವುದು ಕಷ್ಟ."

ಒಟ್ಟು 10,000 ರೂಪಾಯಿ. ತಾಯಿಯ ಒಂದು ತಿಂಗಳ ಗೌರವಧನವನ್ನೂ ಮೀರಿದ ಮೊತ್ತ. ಮಗಳ ಟ್ಯೂಷನ್ನಿಗೆಂದು ಎತ್ತಿಟ್ಟ ಹಣ ಅದರಲ್ಲಿ ಕರಗಿತು. ಇಂಗ್ಲಿಷಿನಲ್ಲಿ ಅಚ್ಚಾದ ಎರಡು ಹಾಳೆಗಳಿಗೆ ತಂದೆ ಸಹಿ ಹಾಕಿದರು. ಸ್ಕೂಟರ್ ಗುರುವಾರ ಮನೆಗೆ ಬಂತು.

ಈ ಕುಟುಂಬಕ್ಕೆ ಆದದ್ದು ಅಪರೂಪದ ಸಂಗತಿಯೇನಲ್ಲ. ವಾಹನಕ್ಕೆ ಬೇಡಿಕೆ ಹೆಚ್ಚಿ ಪೂರೈಕೆ ಕಡಿಮೆಯಾದಾಗಲೆಲ್ಲ ಗೋಡೆಯ ಬೆಲೆಗೂ ಬಿಲ್ಲಿನ ಬೆಲೆಗೂ ನಡುವೆ ಅಂತರ ಹುಟ್ಟುತ್ತದೆ. ಅಂತರದ ಹೆಸರು ಕಾಲಕಾಲಕ್ಕೆ ಬದಲಾಗಿದೆ.

ಹಿರಿಯರಿಗೆ ಅದರ ಹಳೆಯ ಹೆಸರು ನೆನಪಿರಬಹುದು: ಪ್ರೀಮಿಯಂ. ಪರವಾನಗಿಯ ಆ ದಿನಗಳಲ್ಲಿ ಯಾವ ಕಾರ್ಖಾನೆ ಎಷ್ಟು ವಾಹನ ತಯಾರಿಸಬೇಕೆಂಬುದನ್ನು ಸರ್ಕಾರ ನಿರ್ಧರಿಸುತ್ತಿತ್ತು. ಕಾರುಗಳ ಹಂಚಿಕೆ ಮತ್ತು ಮಾರಾಟಕ್ಕೆ 1959ರಲ್ಲಿ, ಸ್ಕೂಟರುಗಳಿಗೆ 1960ರಲ್ಲಿ ನಿಯಂತ್ರಣ ಆದೇಶಗಳು ಬಂದವು. ಸ್ಕೂಟರಿಗೆ ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾಯುವುದು ಮಧ್ಯಮ ವರ್ಗದ ಬದುಕಿನ ಸಾಮಾನ್ಯ ಸಂಗತಿಯಾಗಿತ್ತು. ಸರದಿ ಬಂದ ದಿನವೇ ಆ ಸ್ಕೂಟರನ್ನು ಹೆಚ್ಚಿನ ಬೆಲೆಗೆ ಕೊಳ್ಳಲು ಮತ್ತೊಬ್ಬ ಸಿದ್ಧನಿರುತ್ತಿದ್ದ. ಸರದಿಯ ಚೀಟಿಗೇ ಬೆಲೆ ಇತ್ತು. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿದಾಗಲೂ ಮೊದಲ ವರ್ಷಗಳಲ್ಲಿ ಅದೇ ಕಥೆ.

ಆ ಕಾಲದ ಕೊರತೆ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1977ರಲ್ಲಿ ತೀರ್ಮಾನವಾದ ಟೆಲ್ಕೊ ಪ್ರಕರಣ ಲಾರಿಗಳನ್ನು ಕುರಿತದ್ದು. ತನ್ನ ಡೀಲರುಗಳು ತಮಗೆ ಗೊತ್ತುಮಾಡಿದ ಪ್ರದೇಶದ ಹೊರಗೆ ಮಾರಕೂಡದು ಎಂದು ಕಂಪನಿ ಕರಾರಿನಲ್ಲಿ ಬರೆಸಿಕೊಂಡಿತ್ತು. ಇದು ಸ್ಪರ್ಧೆಗೆ ಅಡ್ಡಿ ಎಂಬ ಆಕ್ಷೇಪ ಬಂದಾಗ, ವಾಹನಗಳ ಕೊರತೆ ಇರುವಾಗ ಇಂಥ ಕಟ್ಟುಪಾಡಿಲ್ಲದಿದ್ದರೆ ಎಲ್ಲ ಲಾರಿಗಳೂ ದೊಡ್ಡ ನಗರಗಳ ಕಡೆಗೇ ಹರಿದು ಹೋಗಬಹುದು, ದೇಶದ ಎಲ್ಲ ಭಾಗಗಳಿಗೂ ನ್ಯಾಯವಾದ ಹಂಚಿಕೆ ಆಗಬೇಕಾದರೆ ಇದು ಬೇಕು ಎಂಬ ವಾದವನ್ನು ನ್ಯಾಯಾಲಯ ಒಪ್ಪಿತು. ಗಡಿಯಂಚಿನಲ್ಲಿ, ಹಂಚಿಕೆಯ ಬಾಲದ ತುದಿಯಲ್ಲಿ ಬದುಕುವವರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊರತೆಯ ಕಾಲದಲ್ಲಿ ಮೊದಲು ಬರಿದಾಗುವುದು ಸಣ್ಣ ಪೇಟೆಯ ಅಂಗಡಿ.

1991ರ ಬಳಿಕ ಪರವಾನಗಿಯ ಕಾಲ ಮುಗಿಯಿತು. ವಾಹನಗಳು ಸಾಲುಗಟ್ಟಿ ಬಂದವು. ಆದರೂ ಕೊರತೆ ಆಗಾಗ ಮರಳಿ ಬರುತ್ತದೆ. ಕೋವಿಡ್ ಬಳಿಕ ಅರೆವಾಹಕ ಚಿಪ್ಪುಗಳ ಅಭಾವದಿಂದ ಜಗತ್ತಿನ ಕಾರ್ಖಾನೆಗಳೆಲ್ಲ ನಿಧಾನಗೊಂಡಾಗ ಭಾರತದಲ್ಲಿಯೂ ಕೆಲವು ಮಾದರಿಗಳಿಗೆ ವರ್ಷವನ್ನೂ ಮೀರಿ ಕಾಯಬೇಕಾಯಿತು. 2020ರಲ್ಲಿ ಬಂದ ಹೊಸ ಥಾರ್, 2021ರಲ್ಲಿ ಬಂದ ಎಕ್ಸ್‌ಯುವಿ700 ಇದಕ್ಕೆ ಎಲ್ಲರೂ ಬಲ್ಲ ಉದಾಹರಣೆಗಳು. ಕಾಯುವವರ ಸಾಲು ಉದ್ದವಾದಷ್ಟೂ ಸಾಲಿನ ಮುಂದಿನ ಜಾಗಕ್ಕೆ ಬೆಲೆ ಹುಟ್ಟುತ್ತದೆ.

ಅಮೆರಿಕದಲ್ಲಿ ಈ ವ್ಯವಹಾರ ಬಹಿರಂಗವಾಗಿಯೇ ನಡೆಯುತ್ತದೆ. ಅಲ್ಲಿ 1958ರ ಒಂದು ಕಾನೂನಿನಂತೆ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ತಯಾರಕರು ಸೂಚಿಸಿದ ಬೆಲೆಯ ಚೀಟಿ ಅಂಟಿಸಿರಬೇಕು. ಆ ಕಾನೂನನ್ನು ತಂದ ಸೆನೆಟರ್ ಮನ್ರೋನಿಯ ಹೆಸರಿನಿಂದಲೇ ಚೀಟಿಯನ್ನು ಕರೆಯುತ್ತಾರೆ. ಆದರೆ ಅದು ಸೂಚಿತ ಬೆಲೆ ಮಾತ್ರ. ಡೀಲರು ಅದಕ್ಕಿಂತ ಹೆಚ್ಚು ಕೇಳುವುದನ್ನು ಆ ಕಾನೂನು ತಡೆಯುವುದಿಲ್ಲ. 2021 ಮತ್ತು 2022ರ ಅಭಾವದಲ್ಲಿ ಅಲ್ಲಿನ ಅನೇಕ ಡೀಲರುಗಳು ಮೊದಲ ಚೀಟಿಯ ಪಕ್ಕದಲ್ಲಿ 'ಮಾರುಕಟ್ಟೆ ಹೊಂದಾಣಿಕೆ' ಎಂಬ ಎರಡನೆಯ ಚೀಟಿ ಅಂಟಿಸಿ ಸಾವಿರಾರು ಡಾಲರು ಸೇರಿಸಿದರು. ಫೋರ್ಡ್ ಮತ್ತು ಜನರಲ್ ಮೋಟಾರ್ಸ್ ತಮ್ಮ ಡೀಲರುಗಳಿಗೆ ಎಚ್ಚರಿಕೆ ಕೊಡಬೇಕಾಯಿತು. ಅಲ್ಲಿನ ವ್ಯಾಪಾರ ಆಯೋಗ 2023ರ ಕೊನೆಯಲ್ಲಿ ಕಾರು ಮಾರಾಟದ ಬೆಲೆಗಳಲ್ಲಿ ಪಾರದರ್ಶಕತೆ ತರಲು ಒಂದು ನಿಯಮ ಮಾಡಿತು. ಅದು ಜಾರಿಗೆ ಬರುವ ಮೊದಲೇ, 2025ರ ಜನವರಿಯಲ್ಲಿ, ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿತು.

ಭಾರತದ ಸ್ಥಿತಿ ಸ್ವಲ್ಪ ಬೇರೆ. ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುವುದು ಕಾನೂನಿನ ಕಡ್ಡಾಯ. ಆ ನಿಯಮ ಪೊಟ್ಟಣದಲ್ಲಿ ಬರುವ ಸರಕುಗಳಿಗೆ ಸಂಬಂಧಿಸಿದ್ದು. ಸ್ಕೂಟರು, ಕಾರು ಪೊಟ್ಟಣದಲ್ಲಿ ಬರುವುದಿಲ್ಲ. ಎಕ್ಸ್-ಷೋರೂಂ ಬೆಲೆ ಎಂಬುದು ತಯಾರಕರು ಪ್ರಕಟಿಸುವ ಬೆಲೆಯೇ ಹೊರತು ಶಾಸನ ಗೊತ್ತುಪಡಿಸಿದ್ದಲ್ಲ. ಆದ್ದರಿಂದ ಡೀಲರು ಒಂದು ರೂಪಾಯಿ ಹೆಚ್ಚು ಕೇಳಿದ ಮಾತ್ರಕ್ಕೆ ಅದು ಅಪರಾಧವಾಗುತ್ತದೆ ಎಂದು ಹೇಳುವಂತಿಲ್ಲ. ಈ ಮಾತನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಷೋರೂಮಿನಲ್ಲಿ ತಪ್ಪು ವಾದ ಹೂಡಿದವನ ಸರಿಯಾದ ವಾದವನ್ನೂ ಯಾರೂ ಕೇಳುವುದಿಲ್ಲ.

ಸ್ಪರ್ಧಾ ಕಾನೂನಿನ ಒಂದು ಅಂಶ ಇಲ್ಲಿ ಗಮನಾರ್ಹ. 2002ರ ಸ್ಪರ್ಧಾ ಅಧಿನಿಯಮದ 3ನೆಯ ಪ್ರಕರಣ 'ಮರುಮಾರಾಟ ಬೆಲೆಯ ಕಟ್ಟುಪಾಡ'ನ್ನು ಪರಿಶೀಲನೆಗೆ ಒಳಪಡಿಸುತ್ತದೆ. ಡೀಲರು ಇಂತಿಷ್ಟು ಬೆಲೆಗೇ ಮಾರಬೇಕೆಂದು ಕಂಪನಿ ಷರತ್ತು ಹಾಕಿದರೆ, ಅದಕ್ಕಿಂತ ಕಡಿಮೆಗೂ ಮಾರಬಹುದೆಂದು ಸ್ಪಷ್ಟವಾಗಿ ಹೇಳಿರದಿದ್ದರೆ, ಅದು ಪ್ರಶ್ನಾರ್ಹ. ರಿಯಾಯಿತಿ ಕೊಡದಂತೆ ಡೀಲರುಗಳನ್ನು ತಡೆದ ಕಾರಣಕ್ಕೆ 2021ರ ಆಗಸ್ಟಿನಲ್ಲಿ ಸ್ಪರ್ಧಾ ಆಯೋಗ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ವಿಧಿಸಿತು. ಅಂದರೆ ಬೆಲೆಗೆ ನೆಲ ಹಾಕುವುದು ಕಂಪನಿಗೆ ಅಪಾಯಕಾರಿ. ಚಾವಣಿ ಹಾಕಲು, ಇದಕ್ಕಿಂತ ಹೆಚ್ಚು ತೆಗೆದುಕೊಳ್ಳಬೇಡಿ ಎನ್ನಲು, ಈ ಮಾತು ಅಡ್ಡಬರುವುದಿಲ್ಲ. ಆದ್ದರಿಂದ 'ಡೀಲರು ಸ್ವತಂತ್ರರು, ನಾವೇನು ಮಾಡಲಾಗದು' ಎಂದು ಕಂಪನಿಯ ದೂರವಾಣಿ ಕೇಂದ್ರ ಉತ್ತರಿಸಿದರೆ ಆ ಉತ್ತರವನ್ನು ಪೂರ್ಣವಾಗಿ ನಂಬಬೇಕಾಗಿಲ್ಲ.

ಇನ್ನು ಗ್ರಾಹಕನ ಕೈಯಲ್ಲಿರುವ ನಿಜವಾದ ಆಯುಧ, 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮ. ಅದರ ಮೂರು ಮಾತುಗಳು ಈ ವಿಷಯಕ್ಕೆ ನೇರವಾಗಿ ಅನ್ವಯಿಸುತ್ತವೆ.

ಒಂದನೆಯದು, 'ನಿರ್ಬಂಧಕ ವ್ಯಾಪಾರ ಪದ್ಧತಿ'ಯ ವ್ಯಾಖ್ಯೆ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಮತ್ತೊಂದನ್ನು ಕೊಳ್ಳಲೇಬೇಕೆಂದು ಷರತ್ತು ಹಾಕುವುದು ಈ ವ್ಯಾಖ್ಯೆಯೊಳಗೆ ಬರುತ್ತದೆ. ಕಿಟ್ ಕೊಳ್ಳದಿದ್ದರೆ ಸ್ಕೂಟರಿಲ್ಲ ಎಂಬ ಮಾತು ಇದೇ. ಒಪ್ಪಿದ ಅವಧಿಯನ್ನು ಮೀರಿ ಪೂರೈಕೆಯನ್ನು ತಡಮಾಡಿ ಬೆಲೆ ಏರುವಂತೆ ಮಾಡುವುದೂ, ಬೆಲೆಯನ್ನಾಗಲಿ ಪೂರೈಕೆಯನ್ನಾಗಲಿ ಕೈವಾಡದಿಂದ ತಿರುಚಿ ಗ್ರಾಹಕರ ಮೇಲೆ ಸಮರ್ಥನೆಯಿಲ್ಲದ ವೆಚ್ಚ ಹೊರಿಸುವುದೂ ಇದೇ ವ್ಯಾಖ್ಯೆಯೊಳಗಿವೆ.

ಎರಡನೆಯದು, ಹೆಚ್ಚು ಬೆಲೆ ತೆಗೆದುಕೊಂಡರೆಂಬ ದೂರು. ಯಾವ ಬೆಲೆಗಿಂತ ಹೆಚ್ಚು ಎಂಬುದನ್ನೂ ಕಾನೂನು ಹೇಳಿದೆ. ಶಾಸನ ಗೊತ್ತುಮಾಡಿದ ಬೆಲೆ, ವಸ್ತುವಿನ ಅಥವಾ ಪೊಟ್ಟಣದ ಮೇಲೆ ತೋರಿಸಿದ ಬೆಲೆ, ಕಾನೂನಿನಂತೆ ಪ್ರದರ್ಶಿಸಿದ ಪಟ್ಟಿಯ ಬೆಲೆ, ಕೊನೆಯದಾಗಿ ಇಬ್ಬರೂ ಒಪ್ಪಿದ ಬೆಲೆ. ವಾಹನದ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಈ ನಾಲ್ಕನೆಯದು. ಮೊದಲ ದಿನವೇ ಸಹಿ ಮತ್ತು ಮೊಹರಿನೊಂದಿಗೆ ಬೆಲೆಚೀಟಿಯನ್ನು ಬರೆಸಿಕೊಂಡವನ ಬಳಿ ಒಪ್ಪಿದ ಬೆಲೆಗೆ ಸಾಕ್ಷಿ ಇರುತ್ತದೆ. ಬಾಯಿಮಾತನ್ನು ನಂಬಿದವನ ಬಳಿ ನೆನಪು ಮಾತ್ರ ಇರುತ್ತದೆ.

ಮೂರನೆಯದು, ಬಿಲ್ಲು ಅಥವಾ ರಸೀದಿ ಕೊಡದಿರುವುದನ್ನು ಈ ಕಾನೂನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. 'ಬೇಗ ಡೆಲಿವರಿ'ಯ 1,500 ರೂಪಾಯಿಗೆ ರಸೀದಿ ಕೇಳಿದ್ದರೆ ಬಹುಶಃ ಆ ಬೇಡಿಕೆಯೇ ಕರಗಿಹೋಗುತ್ತಿತ್ತು. ರಸೀದಿ ಕೊಡಲಾಗದ ಹಣವನ್ನು ಕೇಳುವವರು ಲಿಖಿತ ಪ್ರಶ್ನೆಗೆ ಸಾಮಾನ್ಯವಾಗಿ ಹಿಂಜರಿಯುತ್ತಾರೆ.

ಹ್ಯಾಂಡ್ಲಿಂಗ್ ಚಾರ್ಜಿನ ಕಥೆ ಪ್ರತ್ಯೇಕವಾಗಿ ಹೇಳತಕ್ಕದ್ದು. ಕಾರ್ಖಾನೆಯಿಂದ ಷೋರೂಮಿನವರೆಗೆ ವಾಹನ ಬರುವ ಖರ್ಚು, ಅದನ್ನು ತೊಳೆದು ಒರೆಸಿ ಸಿದ್ಧಪಡಿಸುವ ಖರ್ಚು ಇವೆಲ್ಲ ಮಾರಾಟದ ಬೆಲೆಯೊಳಗೇ ಇರಬೇಕಾದವು. ಸಾರಿಗೆ ಕಚೇರಿಗೆ ವಾಹನವನ್ನು ಒಯ್ಯುವ ಖರ್ಚೆಂದು ಕೆಲವರು ವಿವರಿಸುತ್ತಾರೆ. ಆದರೆ 2019ರ ತಿದ್ದುಪಡಿಯ ಬಳಿಕ ಮೋಟಾರು ವಾಹನ ಅಧಿನಿಯಮದ 44ನೆಯ ಪ್ರಕರಣದಂತೆ ಅಧಿಕೃತ ಡೀಲರು ಮಾರಿದ ಹೊಸ ವಾಹನವನ್ನು ಮೊದಲ ನೋಂದಣಿಗಾಗಿ ಕಚೇರಿಯ ಮುಂದೆ ಹಾಜರುಪಡಿಸಬೇಕಾಗಿಯೇ ಇಲ್ಲ. 41ನೆಯ ಪ್ರಕರಣದಂತೆ ಅದೇ ರಾಜ್ಯದೊಳಗಿನ ನೋಂದಣಿಗೆ ಅರ್ಜಿ ಸಲ್ಲಿಸುವುದು ಡೀಲರಿನದೇ ಕರ್ತವ್ಯ. ಕಾನೂನು ತನ್ನ ಮೇಲೆ ಹೊರಿಸಿದ ಕರ್ತವ್ಯಕ್ಕೆ ಗ್ರಾಹಕನಿಂದ ಕೂಲಿ ಕೇಳುವುದು ಹೇಗೆ ನ್ಯಾಯ? ಹಲವು ರಾಜ್ಯಗಳ ಸಾರಿಗೆ ಇಲಾಖೆಗಳು ಈ ವಸೂಲಿಯ ವಿರುದ್ಧ ಸೂಚನೆ ಹೊರಡಿಸಿವೆ. ಗ್ರಾಹಕ ಆಯೋಗಗಳು ಇಂಥ ಹಣವನ್ನು ಮರಳಿಸಲು ಆದೇಶಿಸಿದ್ದೂ ಉಂಟು.

ಹೋಟೆಲುಗಳ ಸೇವಾಶುಲ್ಕದ ವಿವಾದವನ್ನು ಇಲ್ಲಿ ನೆನೆಯಬಹುದು. ಗ್ರಾಹಕನನ್ನು ಕೇಳದೆ ಬಿಲ್ಲಿಗೆ ಸೇವಾಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. 2025ರ ಮಾರ್ಚಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಆ ಮಾರ್ಗಸೂಚಿ ಹೋಟೆಲುಗಳಿಗೆ ಮಾತ್ರ ಸೀಮಿತ. ಆದರೂ ಅದರ ಹಿಂದಿನ ತತ್ತ್ವ ಸರಳ: ಒಳ್ಳೆಯ ಹೆಸರಿಟ್ಟ ಮಾತ್ರಕ್ಕೆ ಒಂದು ವಸೂಲಿ ಶುಲ್ಕವಾಗುವುದಿಲ್ಲ.

ಹಾಗಾದರೆ ಹೊಸ ಸ್ಕೂಟರಿನ ಬಿಲ್ಲಿನಲ್ಲಿ ನ್ಯಾಯವಾಗಿ ಏನೇನಿರಬೇಕು? ಎಕ್ಸ್-ಷೋರೂಂ ಬೆಲೆ, ರಾಜ್ಯದ ವಾಹನ ತೆರಿಗೆ, ನೋಂದಣಿಯ ಸರ್ಕಾರಿ ಶುಲ್ಕಗಳು, ವಿಮೆ. ಕೇಂದ್ರ ಮೋಟಾರು ವಾಹನ ನಿಯಮಗಳ 81ನೆಯ ನಿಯಮದಂತೆ ದ್ವಿಚಕ್ರ ವಾಹನದ ನೋಂದಣಿ ಶುಲ್ಕ 300 ರೂಪಾಯಿ. ಸಾಲದಿಂದ ಕೊಂಡಿದ್ದರೆ ಅದನ್ನು ದಾಖಲಿಸಲು 500 ರೂಪಾಯಿ. ಲಘು ಖಾಸಗಿ ಕಾರಿಗೆ ಈ ಎರಡು ಶುಲ್ಕಗಳು ಕ್ರಮವಾಗಿ 600 ಮತ್ತು 1,500. 'ಆರ್‌ಟಿಓ ಖರ್ಚು' ಎಂಬ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಬರೆದಿದ್ದರೆ ಅದರಲ್ಲಿ ತೆರಿಗೆ ಎಷ್ಟು, ಶುಲ್ಕ ಎಷ್ಟು ಎಂದು ಬಿಡಿಸಿ ಬರೆಯಲು ಕೇಳಬೇಕು. ತೆರಿಗೆಗೂ ಶುಲ್ಕಕ್ಕೂ ಸರ್ಕಾರದ ರಸೀದಿ ಇರುತ್ತದೆ. ಅದರ ಪ್ರತಿಯನ್ನು ಪಡೆಯುವುದು ಕೊಳ್ಳುವವರ ಹಕ್ಕು.

ವಿಮೆಯಲ್ಲಿ ಆಯ್ಕೆ ಗ್ರಾಹಕನದು. 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ, ಹೊಸ ಕಾರಿಗೆ ಮೂರು ವರ್ಷದ ತೃತೀಯ ಪಕ್ಷ ವಿಮೆ ಕಡ್ಡಾಯವಾಗಿದೆ. ವಾಹನಕ್ಕೆ ಆಗುವ ಸ್ವಂತ ಹಾನಿಯ ವಿಮೆಯನ್ನು ಕಾನೂನು ಕಡ್ಡಾಯ ಮಾಡಿಲ್ಲ. ಸಾಲ ಕೊಟ್ಟ ಬ್ಯಾಂಕು ಅದನ್ನು ಕೇಳಬಹುದು. ಎರಡನ್ನೂ ಯಾವ ವಿಮಾ ಕಂಪನಿಯಿಂದ ಬೇಕಾದರೂ ಪಡೆಯಬಹುದು. ಷೋರೂಮಿನಲ್ಲಿಯೇ ಮಾಡಿಸಬೇಕೆಂದು ಡೀಲರು ಬಲವಂತ ಮಾಡುವಂತಿಲ್ಲವೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2017ರ ಮಾರ್ಗಸೂಚಿಗಳು ಹೇಳುತ್ತವೆ. ಬದಿಯಡ್ಕದ ಕುಟುಂಬ ಷೋರೂಮಿಗೆ ಹೋಗುವ ಮುನ್ನ ಹೊರಗೆ ಒಂದು ವಿಮಾ ದರವನ್ನು ವಿಚಾರಿಸಿದ್ದರೆ ಇನ್ನೂ 2,000 ರೂಪಾಯಿಯಷ್ಟು ಉಳಿಯುತ್ತಿತ್ತೆಂದು ಅವರಿಗೆ ಆಮೇಲೆ ತಿಳಿಯಿತು.

ಹೆಲ್ಮೆಟ್ಟಿನ ವಿಷಯದಲ್ಲಿ ಅದೇ ಕೇಂದ್ರ ನಿಯಮಗಳ 138ನೆಯ ನಿಯಮ ಸ್ಪಷ್ಟವಾಗಿದೆ. ದ್ವಿಚಕ್ರ ವಾಹನ ಕೊಳ್ಳುವ ವೇಳೆ ಭಾರತೀಯ ಮಾನಕ ಸಂಸ್ಥೆಯ ಗುಣಮಟ್ಟದ ಹೆಲ್ಮೆಟ್ಟನ್ನು ತಯಾರಕರು ಒದಗಿಸಬೇಕು. ಒದಗಿಸಬೇಕಾದ ವಸ್ತುವಿಗೆ ಬೇರೆ ಬೆಲೆ ಕೇಳುವ ಡೀಲರು ಯಾವ ಆಧಾರದಿಂದ ಕೇಳುತ್ತಿದ್ದೇನೆಂದು ಬರೆದುಕೊಡಲಿ. 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನಂಬರ್ ಪ್ಲೇಟನ್ನೂ ತಯಾರಕರೇ ವಾಹನದೊಡನೆ ಒದಗಿಸಬೇಕೆಂಬ ನಿಯಮವಿದೆ.

ಡೀಲರುಗಳ ಪಕ್ಷದ ಮಾತನ್ನೂ ಕೇಳಬೇಕು. ಒಂದು ವಾಹನದ ಮೇಲಿನ ಅವರ ಲಾಭಾಂಶ ಸಣ್ಣದು. ಜಾಗದ ಬಾಡಿಗೆ, ಬ್ಯಾಂಕಿನ ಬಡ್ಡಿ, ನೌಕರರ ಸಂಬಳ ಅವರ ತಲೆಯ ಮೇಲಿವೆ. ಬೇಡಿಕೆ ಇಲ್ಲದ ತಿಂಗಳುಗಳಲ್ಲಿ ಕಂಪನಿ ಕಳಿಸಿದ ಸರಕನ್ನು ಅವರು ರಿಯಾಯಿತಿ ಕೊಟ್ಟು ಕರಗಿಸಬೇಕಾಗುತ್ತದೆ. ಬೇಡಿಕೆ ಹೆಚ್ಚಿದಾಗ ಬೆಲೆ ಏರುವುದು ಅಡಿಕೆ ಮಾರುಕಟ್ಟೆಯಲ್ಲಿ ತಪ್ಪಲ್ಲವಾದರೆ ಷೋರೂಮಿನಲ್ಲಿ ಏಕೆ ತಪ್ಪು ಎಂದು ಅವರು ಕೇಳುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. ಉತ್ತರವೂ ಅಡಿಕೆ ಮಾರುಕಟ್ಟೆಯಲ್ಲಿಯೇ ಇದೆ. ಅಲ್ಲಿ ಇಂದಿನ ಧಾರಣೆ ಎಲ್ಲರಿಗೂ ಗೊತ್ತು. ಮಾರುವವನೂ ಕೊಳ್ಳುವವನೂ ಅದೇ ಅಂಕಿಯನ್ನು ನೋಡಿ ಮಾತಾಡುತ್ತಾರೆ. ಡೀಲರು ಗೋಡೆಯ ಮೇಲೆಯೇ 'ಇಂದಿನ ಬೆಲೆ 92,000' ಎಂದು ಬರೆದು, ಅಷ್ಟಕ್ಕೂ ಬಿಲ್ಲು ಕೊಟ್ಟು, ಅದರ ಮೇಲಿನ ತೆರಿಗೆ ಕಟ್ಟಿದರೆ ಆ ತಾಯಿ ಬೇರೆ ಷೋರೂಮಿಗೆ ಹೋಗಬಹುದಿತ್ತು, ಬೇರೆ ಕಂಪನಿಯ ಸ್ಕೂಟರ್ ನೋಡಬಹುದಿತ್ತು, ಆರು ವಾರ ಕಾಯಬಹುದಿತ್ತು. ಗೋಡೆಯ ಮೇಲೆ 82,000 ಬರೆದು, ಸಾಲ ಮಂಜೂರಾಗಿ ಬಂದವರ ಮುಂದೆ ಕೊನೆಯ ಗಳಿಗೆಯಲ್ಲಿ ಹತ್ತು ಸಾವಿರವನ್ನು ನಾಲ್ಕು ತುಂಡು ಮಾಡಿ ಇಟ್ಟಾಗ ಆ ಆಯ್ಕೆಗಳು ಮುಚ್ಚಿಹೋಗುತ್ತವೆ. ಕಾನೂನಿನ ತಕರಾರು ಇರುವುದು ಅಲ್ಲಿ.

ಗಡಿನಾಡಿನವರಿಗೆ ಇನ್ನೊಂದು ಸಂದೇಹ ಸಹಜ. ಕಾಸರಗೋಡಿನವರು ಮಂಗಳೂರಿನಲ್ಲಿ, ಹೊಸೂರಿನವರು ಬೆಂಗಳೂರಿನಲ್ಲಿ ವಾಹನ ಕೊಳ್ಳುವುದುಂಟು. ಅಂಥವರು ತಾತ್ಕಾಲಿಕ ನೋಂದಣಿಯಲ್ಲಿ ವಾಹನವನ್ನು ತಂದು ತಮ್ಮ ವಾಸದ ರಾಜ್ಯದಲ್ಲಿ ತೆರಿಗೆ ಕಟ್ಟಿ ಶಾಶ್ವತ ನೋಂದಣಿ ಮಾಡಿಸಬೇಕು. ಮೋಸವಾದರೆ ದೂರು ಕೊಡಲು ಮತ್ತೆ ಗಡಿ ದಾಟಬೇಕೆ? ಬೇಕಾಗಿಲ್ಲ. 2019ರ ಅಧಿನಿಯಮದ 34ನೆಯ ಪ್ರಕರಣದಂತೆ ದೂರುದಾರ ತಾನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಹಳೆಯ ಕಾನೂನಿನಲ್ಲಿ ಈ ಸೌಲಭ್ಯ ಇರಲಿಲ್ಲ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯ ಒಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂಬ ನಿಯಮವೂ ಇಲ್ಲ. ದೂರನ್ನು ಆನ್‌ಲೈನಿನಲ್ಲಿ ಸಲ್ಲಿಸಬಹುದು. ಅವಧಿ ಎರಡು ವರ್ಷ. ಮೊದಲ ಹೆಜ್ಜೆಯಾಗಿ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡಿ ದೂರನ್ನು ದಾಖಲಿಸಿದರೆ ಅನೇಕ ಸಣ್ಣ ತಕರಾರುಗಳು ಅಲ್ಲಿಯೇ ತೀರುತ್ತವೆ.

ಮತ್ತೆ ಬದಿಯಡ್ಕದ ಮನೆಗೆ ಬರೋಣ. ಸ್ಕೂಟರ್ ಬಂದ ರಾತ್ರಿ ಮಗಳು ನೋಟ್‌ಬುಕ್ಕಿನ ಅಂಕಿಯನ್ನೂ ಬಿಲ್ಲನ್ನೂ ಎದುರುಬದುರು ಇಟ್ಟು ಕೂಡಿದಳು, ಕಳೆದಳು. ಬಿಲ್ಲಿನಲ್ಲಿ 8,500 ರೂಪಾಯಿ ಹೆಚ್ಚಿತ್ತು. ಉಳಿದ 1,500 ಎಲ್ಲಿಯೂ ಇರಲಿಲ್ಲ.

"ಅಪ್ಪ, ಇದಕ್ಕೆ ಅರ್ಜಿ ಬರೆಯಬಹುದಲ್ಲ?" ಎಂದಳು.

"ಬರೆಯಬಹುದು ಮಗಾ. ಕನ್ನಡದಲ್ಲಿ ಬರೆದರೆ ಯಾರು ಓದುತ್ತಾರೆ?" ಎಂದರು ತಂದೆ.

ಗಡಿನಾಡಿನ ಕನ್ನಡ ಶಾಲೆಗಳ ಪೋಷಕರಿಗೆ ಸಂವಿಧಾನದ 350ಎ ವಿಧಿ ಬಾಯಿಪಾಠವಾಗಿರುವ ಮಟ್ಟಿಗೆ ಪರಿಚಿತ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ ವಿಧಿ ಅದು. ಅದಕ್ಕಿಂತ ಒಂದು ಹೆಜ್ಜೆ ಮೊದಲಿರುವ 350ನೆಯ ವಿಧಿಯನ್ನು ನೆನೆಯುವವರು ಕಡಿಮೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಲು ಪ್ರತಿಯೊಬ್ಬರೂ ಹಕ್ಕುಳ್ಳವರೆಂದು ಅದು ಹೇಳುತ್ತದೆ. ಇದರ ಜೊತೆಗೆ ಕೇರಳದ 1969ರ ರಾಜ್ಯಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಅವರ ಪ್ರದೇಶದ ಸರ್ಕಾರಿ ಕಚೇರಿಗಳೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ಮಾಡಲು ಅವಕಾಶ ಕೊಟ್ಟಿದೆ. ಸೊಲ್ಲಾಪುರದ, ತಾಳವಾಡಿಯ, ಮಡಕಶಿರದ ಕನ್ನಡಿಗರಿಗೂ 350ನೆಯ ವಿಧಿ ಅಷ್ಟೇ ಸೇರಿದ್ದು. ಬಳಸದೆ ಬಿಟ್ಟ ಹಕ್ಕು ಕಾಗದದಲ್ಲಿ ಉಳಿದೇ ಇರುತ್ತದೆ, ಆದರೆ ಕಚೇರಿಯಲ್ಲಿ ಅದನ್ನು ಓದಬಲ್ಲ ಗುಮಾಸ್ತರ ಹುದ್ದೆ ಉಳಿಯುವುದಿಲ್ಲ.

ಹುಡುಗಿ ಕನ್ನಡದಲ್ಲಿಯೇ ಬರೆದಳು. ಒಂದು ಪುಟದ ಅರ್ಜಿ. ವಾಹನ ಕೊಂಡ ದಿನಾಂಕ, ಬಿಲ್ಲಿನ ಸಂಖ್ಯೆ, ಗೋಡೆಯ ಮೇಲಿದ್ದ ಬೆಲೆ, ಹೆಚ್ಚಾಗಿ ತೆಗೆದುಕೊಂಡ ಪ್ರತಿಯೊಂದು ಮೊತ್ತ, ಮರಳಿಸಬೇಕೆಂಬ ಬೇಡಿಕೆ, ಹದಿನೈದು ದಿನಗಳ ಗಡುವು. ಬೈಗುಳವಿಲ್ಲ, ಬೇಡಿಕೊಳ್ಳುವ ಮಾತೂ ಇಲ್ಲ. ತಾಯಿ ಸಹಿ ಹಾಕಿದರು. ಒಂದು ಪ್ರತಿ ಷೋರೂಮಿಗೆ ಅಂಚೆಯಲ್ಲಿ, ಒಂದು ಪ್ರತಿ ಪ್ರಾದೇಶಿಕ ಸಾರಿಗೆ ಅಧಿಕಾರಿಗೆ. ಶಾಲೆಯ ಅಧ್ಯಾಪಕರೊಬ್ಬರ ನೆರವಿನಿಂದ ಅದರ ಇಂಗ್ಲಿಷ್ ರೂಪ ಕಂಪನಿಯ ಗ್ರಾಹಕ ವಿಭಾಗಕ್ಕೆ ಹೋಯಿತು. 1915ಕ್ಕೂ ಕರೆ ಮಾಡಿದರು.

ಹನ್ನೆರಡನೆಯ ದಿನ ಷೋರೂಮಿನ ಮ್ಯಾನೇಜರು ಫೋನ್ ಮಾಡಿದರು. ಹ್ಯಾಂಡ್ಲಿಂಗ್ ಚಾರ್ಜಿನ 2,500, ಹೆಲ್ಮೆಟ್ಟಿನ 1,200, ಒಟ್ಟು 3,700 ರೂಪಾಯಿ ತಾಯಿಯ ಖಾತೆಗೆ ಬಂತು. ನಗದಾಗಿ ಕೊಟ್ಟ 1,500ನ್ನು ತಾವು ಪಡೆದೇ ಇಲ್ಲವೆಂದು ಅವರು ಹೇಳಿದರು. ರಸೀದಿ ಇರಲಿಲ್ಲವಾದ್ದರಿಂದ ಆ ಮಾತಿಗೆ ಎದುರು ಹೇಳಲು ಸಾಕ್ಷಿ ಇರಲಿಲ್ಲ. ಕಿಟ್ಟಿನ 4,800 ಮರಳಿ ಬರಲಿಲ್ಲ. 'ಸ್ವ ಇಚ್ಛೆಯಿಂದ ಕೊಂಡಿದ್ದೇನೆ' ಎಂಬ ಅರ್ಥದ ಇಂಗ್ಲಿಷ್ ವಾಕ್ಯದ ಕೆಳಗೆ ತಂದೆಯ ಸಹಿ ಇತ್ತು. ಓದಲಾಗದ ಹಾಳೆಗೆ ಹಾಕಿದ ಸಹಿಯೂ ಸಹಿಯೇ. ಅದನ್ನು ಆಯೋಗದ ಮುಂದೆ ಪ್ರಶ್ನಿಸಬಹುದು, ಆದರೆ ಆ ಹೋರಾಟ ದುಪ್ಪಟ್ಟು ಕಷ್ಟ.

ಆದ್ದರಿಂದ ಮುಂದೆ ಷೋರೂಮಿಗೆ ಹೋಗುವವರು ಕೆಲವು ಮಾತುಗಳನ್ನು ನೆನಪಿಟ್ಟರೆ ಸಾಕು. ಗೋಡೆಯ ಬೆಲೆಪಟ್ಟಿಯ ಫೋಟೋ ತೆಗೆಯಬೇಕು. ಪ್ರತಿ ಮೊತ್ತವನ್ನೂ ಬೇರೆಬೇರೆ ಬರೆದ, ಸಹಿ ಮೊಹರು ಇರುವ ಬೆಲೆಚೀಟಿಯನ್ನು ಮೊದಲೇ ಪಡೆಯಬೇಕು. ಬುಕಿಂಗ್ ಹಾಳೆಯಲ್ಲಿ ವಾಹನ ಕೊಡುವ ದಿನಾಂಕ ಬರೆಸಬೇಕು, ಬೆಲೆ ಬುಕಿಂಗ್ ದಿನದ್ದೋ ಡೆಲಿವರಿ ದಿನದ್ದೋ ಎಂದು ಕೇಳಬೇಕು. ಹಣವನ್ನು ಸಂಸ್ಥೆಯ ಖಾತೆಗೇ ಹಾಕಬೇಕು, ನಗದಾಗಿ ಕೊಟ್ಟರೆ ರಸೀದಿ ಬಿಡಬಾರದು. ಬೇಡದ ವಸ್ತುವನ್ನು ಅನಿವಾರ್ಯವಾಗಿ ಕೊಳ್ಳಬೇಕಾಗಿ ಬಂದರೆ ಹಾಳೆಯ ಮೇಲೆ 'ಆಕ್ಷೇಪದೊಂದಿಗೆ ಪಾವತಿಸಿದ್ದೇನೆ' ಎಂದು ಬರೆದು ಅದರ ಫೋಟೋ ತೆಗೆದು ಸಹಿ ಹಾಕಬೇಕು. ಆ ವಾಕ್ಯವನ್ನು ಕನ್ನಡದಲ್ಲಿ ಬರೆದರೂ ಅದಕ್ಕೆ ಬೆಲೆಯಿದೆ. ಅರ್ಥವಾಗದ ಹಾಳೆಯನ್ನು ಮನೆಗೆ ಒಯ್ದು ಓದಿಸಿ ನಾಳೆ ಸಹಿ ಹಾಕುತ್ತೇನೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ಹತ್ತು ಸಾವಿರದಲ್ಲಿ 3,700 ಮರಳಿತು. ಉಳಿದ 6,300ರಲ್ಲಿ ಕಿಟ್ಟಿನ 4,800ಕ್ಕಾಗಿ ಜಿಲ್ಲಾ ಆಯೋಗಕ್ಕೆ ಹೋಗಬೇಕೆ ಬೇಡವೇ ಎಂಬುದನ್ನು ಆ ಮನೆಯವರು ಇನ್ನೂ ನಿರ್ಧರಿಸಿಲ್ಲ. ಮಗಳ ಪರೀಕ್ಷೆ ಮುಗಿಯಲಿ ಎಂದಿದ್ದಾರೆ. ಎರಡು ವರ್ಷದ ಅವಧಿ 2027ರ ಅಕ್ಟೋಬರಿಗೆ ಮುಗಿಯುತ್ತದೆ. ಆ ತಿಂಗಳನ್ನು ಹುಡುಗಿ ನೋಟ್‌ಬುಕ್ಕಿನಲ್ಲಿ, 82,000ದ ಕೆಳಗೆ, ಬರೆದಿಟ್ಟಿದ್ದಾಳೆ.